ಶಂಕರಾಭರಣದ ಸ್ವರಗಳಲ್ಲೇ ಇಷ್ಟು ದುಃಖ ಹೇಗೆ?

ಪ್ರಶ್ನೆ: ನಾನು ಅಕೂಸ್ಟಿಕ್ ಗಿಟಾರ್ ನುಡಿಸುತ್ತೇನೆ, ತಂಗಿ ಏಳೆಂಟು ವರ್ಷ ಕರ್ನಾಟಕ ಸಂಗೀತ ಕಲಿತವಳು. ಇಬ್ಬರೂ ಸೇರಿ ‘ಲವ್ ಹರ್ಟ್ಸ್’ ಎಂಬ ಇಂಗ್ಲಿಷ್ ಹಾಡನ್ನು ಅಮೆರಿಕದ ಗಾಯಕರಾದ ಗ್ರಾಮ್ ಪಾರ್ಸನ್ಸ್ ಮತ್ತು ಎಮಿಲೂ ಹ್ಯಾರಿಸ್ ಹಾಡಿದ ಧಾಟಿಯಲ್ಲಿ ಅಭ್ಯಾಸ ಮಾಡುತ್ತಿದ್ದೇವೆ. ಸ್ವರ ತಪ್ಪುತ್ತಿಲ್ಲ, ಲಯ ತಪ್ಪುತ್ತಿಲ್ಲ. ಆದರೂ ಒಂದು ದಿನ ಗೋಳಾಟದ ಹಾಗೆ ಕೇಳುತ್ತದೆ, ಇನ್ನೊಂದು ದಿನ ಶಾಲೆಯ ಪ್ರಾರ್ಥನೆಯ ಹಾಗೆ. ಆ ರೆಕಾರ್ಡಿಂಗಿನ ತಣ್ಣನೆಯ ನೋವು ಮಾತ್ರ ಬರುವುದಿಲ್ಲ. ಬಹುಪಾಲು ಶಂಕರಾಭರಣದ (ಪಾಶ್ಚಾತ್ಯರ ಮೇಜರ್ ಸ್ಕೇಲಿನ) ಸ್ವರಗಳೇ ಇರುವಾಗ ದುಃಖ ಎಲ್ಲಿಂದ ಬಂತು ಎಂದು ತಂಗಿ ಕೇಳುತ್ತಾಳೆ. ಪೆಡಲ್ ಸ್ಟೀಲ್ ಎಂಬ, ಪೆಡಲುಗಳಿರುವ ಗಿಟಾರ್ ಇಲ್ಲದೆ ಇದು ಸಾಧ್ಯವೇ? ಮುಂದೆ ಇದೇ ಬಗೆಯ ಹಾಡೊಂದನ್ನು ಕನ್ನಡದಲ್ಲಿ ಬರೆಯುವ ಆಸೆಯೂ ಇದೆ.

ಉತ್ತರ: ಮೊದಲು ಹಾಡಿನ ಜಾತಕ ನೋಡಿಬಿಡೋಣ, ನಿಮ್ಮ ತೊಂದರೆಯ ಮೂಲ ಅಲ್ಲೇ ಕಾಣುತ್ತದೆ. ಬೂಡ್ಲೋ ಬ್ರಯಂಟ್ ಬರೆದ ಇದನ್ನು ಮೊದಲು ಧ್ವನಿಮುದ್ರಿಸಿದವರು ಎವರ್ಲಿ ಬ್ರದರ್ಸ್, 1960ರಲ್ಲಿ. ಮರುವರ್ಷ ರಾಯ್ ಆರ್ಬಿಸನ್ ಹಾಡಿದರು. ಅದು ‘ರನ್ನಿಂಗ್ ಸ್ಕೇರ್ಡ್’ ರೆಕಾರ್ಡಿನ ಹಿಂಬದಿಯಲ್ಲಿ ಬಂತು. ಪಾರ್ಸನ್ಸ್ ಮತ್ತು ಹ್ಯಾರಿಸ್ ಹಾಡಿದ್ದು 1973ರಲ್ಲಿ. ಅದಿರುವ ‘ಗ್ರೀವಸ್ ಏಂಜೆಲ್’ ಆಲ್ಬಮ್ 1974ರ ಜನವರಿಯಲ್ಲಿ ಹೊರಬರುವಷ್ಟರಲ್ಲಿ ಪಾರ್ಸನ್ಸ್ ತೀರಿಕೊಂಡಿದ್ದರು, 26ನೇ ವಯಸ್ಸಿಗೆ. 1975ರಲ್ಲಿ ಸ್ಕಾಟ್ಲೆಂಡಿನ ನಜರೆತ್ ಬ್ಯಾಂಡು ಇದನ್ನು ಎಲೆಕ್ಟ್ರಿಕ್ ಗಿಟಾರುಗಳ ಮೇಲೆ ಕಿರುಚಿ ಹಾಡಿ ಜಗತ್ತಿಗೆಲ್ಲ ಮುಟ್ಟಿಸಿತು. ನಿಮ್ಮ ಕಿವಿಯಲ್ಲಿ ಮೊದಲು ಕೂತದ್ದು ಬಹುಶಃ ಅದೇ, ನಿಮ್ಮ ಗೋಳಾಟ ಅಲ್ಲಿಂದಲೇ ನುಸುಳಿ ಬರುತ್ತಿದೆ ಎಂಬುದು ನನ್ನ ಊಹೆ.

ನಜರೆತ್ ಹಾಡಿದ್ದರಲ್ಲಿ ಒಂದು ಪದ ಬದಲಾಗಿದೆ, ಗಮನಿಸಿದ್ದೀರಾ? ಮೂಲದಲ್ಲಿ ಪ್ರೀತಿ ಒಲೆಯ ಹಾಗೆ, ಬಿಸಿಯಿದ್ದಾಗ ಮುಟ್ಟಿದರೆ ಸುಡುತ್ತದೆ ಎಂದಿತ್ತು. ಅವರು ಒಲೆಯನ್ನು ತೆಗೆದು ಜ್ವಾಲೆ ಎಂದು ಮಾಡಿದರು. ರಾಕ್ ಹಾಡಿಗೆ ಜ್ವಾಲೆ ಸರಿಯೇ. ಆದರೆ ಒಲೆ ಅಡುಗೆಮನೆಯ ವಸ್ತು. ಕೈ ಸುಟ್ಟುಕೊಂಡವರೂ ಮಾರನೇ ದಿನ ಅದರ ಮುಂದೆಯೇ ನಿಂತು ಕಾಫಿ ಕಾಯಿಸಬೇಕು. ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತಕ್ಕೆ ರಾಕ್ ಬೆರೆಸಿದ ಕಂಟ್ರಿ-ರಾಕ್ ವಿರಹಗೀತೆಯ ದುಃಖ ಈ ಜಾತಿಯದು. ಸುತ್ತಲಿನ ಎಲ್ಲವೂ ಮಾಮೂಲಿನಂತೆ ನಡೆಯುತ್ತಿರುತ್ತದೆ, ಒಳಗೆ ಒಂದು ಮಾತ್ರ ಜಾಗ ಬಿಟ್ಟು ಸರಿದಿರುತ್ತದೆ. ಸಂಗೀತದಲ್ಲಿ ಇದನ್ನು ಹೇಗೆ ಮಾಡುತ್ತಾರೆ ಎಂಬುದಕ್ಕೆ ಕೈಗೆ ಸಿಗುವಷ್ಟು ಖಚಿತವಾದ ಉತ್ತರವಿದೆ. ಅದು ಪೆಡಲ್ ಸ್ಟೀಲಿನ ಯಂತ್ರದೊಳಗೇ ಇದೆ. ನಿಮ್ಮಲ್ಲಿ ಆ ವಾದ್ಯ ಇಲ್ಲದಿದ್ದರೂ ಅದು ಏನು ಮಾಡುತ್ತದೆ ಎಂದು ತಿಳಿದಿರಬೇಕು.

ಪೆಡಲ್ ಸ್ಟೀಲ್ ಹವಾಯಿಯನ್ ಗಿಟಾರಿನ ವಂಶದ್ದು. ಎಡಗೈಯಲ್ಲಿ ಉಕ್ಕಿನ ಸರಳು, ಬಲಗೈಯಲ್ಲಿ ಹೆಬ್ಬೆರಳಿಗೂ ಎರಡು ಬೆರಳುಗಳಿಗೂ ಪಿಕ್. ಕಂಟ್ರಿಯವರು ಬಳಸುವ ಇ-9 ಶ್ರುತಿಯಲ್ಲಿ 10 ತಂತಿಗಳು, 3 ಪೆಡಲುಗಳು, ಮೊಣಕಾಲಿನಿಂದ ತಳ್ಳುವ ಕೆಲವು ಸನ್ನೆಕೋಲುಗಳು. ಜಿ ಮೇಜರಿನಲ್ಲಿ ಹಾಡುತ್ತಿದ್ದೀರಿ ಎಂದುಕೊಳ್ಳಿ, ಅಂದರೆ ಜಿ ನಿಮ್ಮ ಷಡ್ಜ. ಸರಳನ್ನು 3ನೇ ಫ್ರೆಟ್ಟಿನ ಗುರುತಿನ ಮೇಲಿಟ್ಟು 3, 4, 5ನೇ ತಂತಿಗಳನ್ನು ಮೀಟಿದರೆ ಜಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಸಿಗುತ್ತದೆ: ಸ, ಗ, ಪ. ಈಗ ಸರಳನ್ನು ಅಲುಗಿಸದೆ ಎಡಪಾದದಿಂದ ಮೊದಲ ಪೆಡಲನ್ನು ಒತ್ತಿ. 5ನೇ ತಂತಿ ಮಾತ್ರ ಬಿಗಿಯಾಗಿ ಪಂಚಮ ಧೈವತಕ್ಕೆ ಜಾರುತ್ತದೆ. ಸ, ಗ ಇದ್ದಲ್ಲೇ ಇರುತ್ತವೆ. ಇದು ಇ ಮೈನರ್. ಅದನ್ನು ಬಿಡದೆ ಪಾದವನ್ನು ಕೊಂಚ ಹೊರಳಿಸಿ ಎರಡನೇ ಪೆಡಲನ್ನೂ ಒತ್ತಿದರೆ 3ನೇ ತಂತಿಯಲ್ಲಿ ಗಾಂಧಾರ ಮಧ್ಯಮಕ್ಕೆ ಏರುತ್ತದೆ. ಸ, ಮ, ದ, ಅಂದರೆ ಸಿ ಕಾರ್ಡ್. ‘ಲವ್ ಹರ್ಟ್ಸ್’ ಪಲ್ಲವಿಯ ನಡೆಯೇ ಜಿ, ಇ ಮೈನರ್, ಸಿ, ಡಿ. ನಾಲ್ಕರಲ್ಲಿ ಮೊದಲ ಮೂರಕ್ಕೆ ಕೈ ಕದಲುವುದೇ ಇಲ್ಲ. ಷಡ್ಜ ಕಲ್ಲಿನಂತೆ ಕೂತಿರುತ್ತದೆ, ಅದರ ಪಕ್ಕದಲ್ಲಿ ಒಂದು ಸ್ವರ ಜಾಗ ಬಿಡುತ್ತದೆ, ಆಮೇಲೆ ಇನ್ನೊಂದು.

ನಿಮ್ಮ ತಂಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಶಿವರಂಜನಿಯಲ್ಲೋ ಶುಭಪಂತುವರಾಳಿಯಲ್ಲೋ ದುಃಖ ಸ್ವರಗಳ ಆಯ್ಕೆಯಲ್ಲೇ ಇರುತ್ತದೆ. ಮೊದಲ ಆಲಾಪದಲ್ಲೇ ಮನೆಯಲ್ಲಿ ಏನೋ ಆಗಿದೆ ಎಂದು ಗೊತ್ತಾಗಿಬಿಡುತ್ತದೆ. ಇಲ್ಲಿ ಮನೆ ನೆಮ್ಮದಿಯಾಗಿದೆ, ಒಂದು ಕುರ್ಚಿ ಮಾತ್ರ ಸರಿದಿದೆ. ಸ್ಟೀಲಿನ ಜಾರು ನಮ್ಮ ಜಾರು ಗಮಕಕ್ಕಿಂತ ಬೇರೆಯಾಗಿ ತಟ್ಟುವುದೂ ಇದಕ್ಕೇ. ಒಂಟಿ ಸ್ವರ ಜಾರಿದರೆ ಅದು ಅಲಂಕಾರವಾಗಿ ಕೇಳಬಹುದು. ಎರಡು ಸ್ವರಗಳು ನಿಂತಿದ್ದು ಮೂರನೆಯದು ಅವುಗಳನ್ನು ಉಜ್ಜಿಕೊಂಡು ಜಾರಿದರೆ ಎಷ್ಟು ದೂರ ಸರಿಯಿತು ಎಂಬುದು ಕಿವಿಗೆ ಅಳತೆ ಹಿಡಿದಂತೆ ತಿಳಿಯುತ್ತದೆ. ಪೆಡಲಿನಿಂದ ಹೀಗೆ ಸ್ವರ ಎಳೆಯುವುದನ್ನು ಜನಪ್ರಿಯಗೊಳಿಸಿದವರು ಬಡ್ ಐಸಾಕ್ಸ್, ವೆಬ್ ಪಿಯರ್ಸ್ 1954ರಲ್ಲಿ ಹೊರತಂದ ‘ಸ್ಲೋಲಿ’ ಹಾಡಿನಲ್ಲಿ. 1968ರಲ್ಲಿ ಪಾರ್ಸನ್ಸ್ ಜೊತೆಗಿದ್ದಾಗ ಬರ್ಡ್ಸ್ ಬ್ಯಾಂಡು ತನ್ನ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ’ ಆಲ್ಬಮ್ಮಿಗೆ ಲಾಯ್ಡ್ ಗ್ರೀನ್ ಮತ್ತು ಜೇಡೀ ಮೇನೆಸ್ ಎಂಬ ಇಬ್ಬರು ಸ್ಟೀಲ್ ವಾದಕರನ್ನು ಕರೆಸಿತು. ರಾಕ್ ಕೇಳುವ ಹುಡುಗರ ಕಿವಿಗೆ ಈ ಜಾರು ಬಿದ್ದದ್ದು ಇಂಥ ರೆಕಾರ್ಡುಗಳ ಮೂಲಕವೇ.

ಈಗ ನಿಮ್ಮ ಗಿಟಾರ್. ಇತ್ತೀಚೆಗೆ ಎಲ್ಲರೂ ಕಲಿಯುವ ಒಂದು ಸುಲಭದ ರೂಢಿಯಿದೆ: ಉಂಗುರಬೆರಳು ಮತ್ತು ಕಿರುಬೆರಳನ್ನು 2ನೇ ಮತ್ತು 1ನೇ ತಂತಿಗಳ 3ನೇ ಫ್ರೆಟ್ಟಿನ ಮೇಲೆ ಅಂಟಿಸಿಬಿಟ್ಟು, ಉಳಿದ ಬೆರಳುಗಳನ್ನಷ್ಟೇ ಸರಿಸುತ್ತಾ ಜಿ, ಇ ಮೈನರ್, ಸಿ ನುಡಿಸುವುದು. ನೀವೂ ಹಾಗೇ ನುಡಿಸುತ್ತಿದ್ದರೆ ಪ್ರಾರ್ಥನೆಯ ಛಾಯೆ ಅಲ್ಲಿಂದ ಬರುತ್ತಿದೆ. ಆ ಹಿಡಿತದಲ್ಲಿ ಮೇಲಿನ ಪಂಚಮ ಮೂರೂ ಕಾರ್ಡುಗಳಲ್ಲಿ ಮೊಳೆ ಹೊಡೆದಂತೆ ನಿಂತಿರುತ್ತದೆ. ಸರಿಯಬೇಕಾದ ಸ್ವರವನ್ನೇ ಕಟ್ಟಿಹಾಕಿದ ಹಾಗಾಯಿತು.

ಬದಲಿಗೆ ಹೀಗೆ ಮಾಡಿ. ಜಿ ಕಾರ್ಡಿಗೆ ನಡುಬೆರಳು 6ನೇ ತಂತಿಯ 3ನೇ ಫ್ರೆಟ್ಟಿನಲ್ಲಿ, ಕಿರುಬೆರಳು 1ನೇ ತಂತಿಯ 3ರಲ್ಲಿ. ನಡುಬೆರಳಿನ ತುದಿ 5ನೇ ತಂತಿಯನ್ನು ಸವರುತ್ತಾ ಅದರ ಬಾಯಿ ಮುಚ್ಚಿಸಲಿ. 4, 3, 2 ಖಾಲಿ. ಕಾರ್ಡ್ ಬದಲಾಗಲು ಅರ್ಧ ಬಡಿತ ಇರುವಾಗ, ಬಲಗೈಯಿಂದ ಮೀಟದೆ, ಉಂಗುರಬೆರಳನ್ನು 4ನೇ ತಂತಿಯ 2ನೇ ಫ್ರೆಟ್ಟಿನ ಮೇಲೆ ಬಡಿದು ಇಳಿಸಿ. ಪ ಹೋಗಿ ದ ಬಂತು. ಆಮೇಲೆ ನಡುಬೆರಳನ್ನೆತ್ತಿ ಖಾಲಿ 6ನೇ ತಂತಿಯನ್ನು ಮೀಟಿದರೆ ಇ ಮೈನರ್ ಪೂರ್ತಿಯಾಗುತ್ತದೆ. ಸಿ ಕಾರ್ಡಿಗೆ ಉಂಗುರಬೆರಳು 5ನೇ ತಂತಿಯ 3ಕ್ಕೂ ನಡುಬೆರಳು 4ನೆಯದರ 2ಕ್ಕೂ ಹೋಗುತ್ತವೆ, ಆದರೆ ತೋರುಬೆರಳನ್ನು ತಡೆದು ಹಿಡಿಯಿರಿ. ಮೊದಲು 2ನೇ ತಂತಿ ಖಾಲಿಯಾಗಿ ನುಡಿಯಲಿ, ಒಂದು ಬಡಿತ ಬಿಟ್ಟು ತೋರುಬೆರಳನ್ನು ಅದರ 1ನೇ ಫ್ರೆಟ್ಟಿಗೆ ಇಳಿಸಿ. ಗ ಮ ಆಯಿತು. ಸ್ಟೀಲಿನವರ ಪಾದ ಮಾಡುವ ಕೆಲಸವನ್ನು ನಿಮ್ಮ ಎರಡು ಬೆರಳು ಮಾಡಿದವು. ಪ್ರತಿ ಸುತ್ತಿನಲ್ಲೂ ಎರಡನ್ನೂ ಮಾಡಲು ಹೋಗಬೇಡಿ, ಮೂರನೇ ಸಲಕ್ಕೆ ಕಸರತ್ತಿನಂತೆ ಕೇಳುತ್ತದೆ. ಮೊದಲ ಚರಣದಲ್ಲಿ ಒಂದು ಸಲ ಸಾಕು.

5ನೇ ತಂತಿಯನ್ನು ಮುಚ್ಚಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ತಂಬೂರಿಯ ಜೊತೆ ಬೆಳೆದ ಕಂಠ ಅಂತರ ಗಾಂಧಾರವನ್ನು ಷಡ್ಜದಿಂದ ಸುಮಾರು 386 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಎತ್ತರದಲ್ಲಿ ಹಾಡುತ್ತದೆ; ಗಿಟಾರಿನ ಫ್ರೆಟ್ಟು ಅದನ್ನು 400ರಲ್ಲಿ ಇಟ್ಟಿರುತ್ತದೆ. ಈ 14 ಸೆಂಟಿನ ಜಗಳ ನೀಳ ಸ್ವರಗಳಲ್ಲಿ ಕಿರಿಕಿರಿಯಾಗಿ ಕೇಳುತ್ತದೆ, ‘ಸ್ವರ ತಪ್ಪಿಲ್ಲ, ಆದರೂ ಏನೋ ಸರಿಯಿಲ್ಲ’ ಎಂದು ಅನ್ನಿಸುತ್ತದೆ. ನಿಮ್ಮ ತಂಗಿಯ ಕಿವಿಯೇ ಸರಿ, ಅವರನ್ನು ತಿದ್ದಬೇಡಿ. ಸ್ಟೀಲ್ ವಾದಕರು ಕೂಡ ತಮ್ಮ ಗಾಂಧಾರದ ತಂತಿಗಳನ್ನು ಟ್ಯೂನರಿನ ಗುರುತಿಗಿಂತ ಬೇಕೆಂದೇ ತುಸು ಇಳಿಸಿ ಕೂರಿಸುತ್ತಾರೆ. ಗಿಟಾರಿನಲ್ಲಿ ಗಾಂಧಾರವನ್ನು ಮೆತ್ತಗೆ ಮುಟ್ಟಿ, ಕೆಳಗಿನ ಗಾಂಧಾರವನ್ನು ಬಿಟ್ಟೇಬಿಡಿ. ಆ ಸ್ವರ ಕಂಠಗಳ ಪಾಲಿಗಿರಲಿ.

ಬಲಗೈಗೆ ಹೇಳಬೇಕಾದ್ದು ಕಡಿಮೆ. ನಾಲ್ಕು ಬಡಿತದ ಅಳತೆಯಲ್ಲಿ 1 ಮತ್ತು 3ಕ್ಕೆ ಒಂದು ದಪ್ಪ ತಂತಿ, 2 ಮತ್ತು 4ಕ್ಕೆ ಮೇಲಿನ ಮೂರು ತಂತಿಗಳನ್ನಷ್ಟೇ ಸವರುವುದು. ವೇಗ ನಿಮಿಷಕ್ಕೆ 70ರ ಆಸುಪಾಸು ಇಟ್ಟುಕೊಳ್ಳಿ. ಆ ವೇಗದಲ್ಲಿ ನಾಲ್ಕು ಬಡಿತಕ್ಕೆ ಸುಮಾರು ಮೂರೂವರೆ ಸೆಕೆಂಡು. ಅಷ್ಟು ಖಾಲಿ ಜಾಗ ಕಂಡರೆ ಎಲ್ಲರಿಗೂ ಕೈ ತುರಿಸುತ್ತದೆ, ಮಾತು ನಿಂತ ಕಡೆಯಲ್ಲೆಲ್ಲ ಲಯ ಓಡುತ್ತದೆ. ಮೆಟ್ರೊನೋಮನ್ನು (ಲಯಕ್ಕೆ ಟಿಕ್ ಟಿಕ್ ಎನ್ನುವ ಯಂತ್ರ) 70ಕ್ಕಲ್ಲ, 35ಕ್ಕೆ ಇಡಿ, ಅದರ ಪ್ರತಿ ಟಿಕ್ಕನ್ನೂ 2 ಮತ್ತು 4ನೇ ಬಡಿತ ಎಂದು ಎಣಿಸಿ. ಮೊದಲ ನಾಲ್ಕು ದಿನ ಹಿಂಸೆಯಾಗುತ್ತದೆ. ಡ್ರಮ್ಸ್ ಸೇರಿಸುವುದಾದರೆ ಬ್ರಷ್, ಇಲ್ಲವೇ ಸ್ನೇರಿನ ಅಂಚಿಗೆ ಕಡ್ಡಿಯನ್ನು ಅಡ್ಡಲಾಗಿ ಬಡಿಯುವುದು. ದೊಡ್ಡ ಸಿಂಬಲ್ ಇಡೀ ಹಾಡಿನಲ್ಲಿ ಒಂದು ಸಲವೂ ಬೇಡ.

ಎರಡು ಕಂಠಗಳ ವಿಷಯಕ್ಕೆ ಬರೋಣ, ಹೆಚ್ಚಿನವರು ಕೆಡುವುದು ಇಲ್ಲೇ. ರಾಗ ನಿಮ್ಮದು, ಅದರ ಮೇಲಿನ ಸಾಲು ತಂಗಿಯದು ಎಂದಿಟ್ಟುಕೊಳ್ಳುತ್ತೇನೆ. ಸಾಮಾನ್ಯ ಸೂತ್ರ ‘ಮೂರನೇ ಸ್ವರ ಮೇಲೆ’: ನೀವು ಗ ಹಾಡಿದರೆ ಅವರು ಪ. ಆದರೆ ಇದನ್ನು ಕಣ್ಣುಮುಚ್ಚಿ ಪಾಲಿಸಿದರೆ ನೀವು ಜಿ ಕಾರ್ಡಿನ ಮೇಲೆ ಪ ಹಾಡುವಾಗ ಅವರು ನಿ ಹಾಡುತ್ತಾರೆ. ಅದು ಜಿ ಕಾರ್ಡಿನ ಸ್ವರವಲ್ಲ, ಮೇಲಿನ ಸ ಜೊತೆ ಕುಸ್ತಿಗೆ ಬೀಳುತ್ತದೆ. ಅಲ್ಲಿ ನಾಲ್ಕನೆಯದಕ್ಕೆ, ಮೇಲಿನ ಸ-ಗೆ ಹೋಗಬೇಕು. ಹಾಗೆಯೇ ಸಿ ಕಾರ್ಡಿನ ಮೇಲೆ ನೀವು ಸ ಹಾಡುವಾಗ ಅವರು ಗ ಹಾಡದೆ ಮ ಹಾಡಬೇಕು. ಡಿ ಕಾರ್ಡಿನ ಮೇಲೆ ನಿಮ್ಮ ರಿ-ಗೆ ಅವರು ಮ ಹಾಡಿದರೂ ನಡೆಯುತ್ತದೆ, ಡಿ ಹೋಗಿ ಡಿ-7 ಆಗುತ್ತದೆ, ಅಷ್ಟೇ. ಕಾಗದದ ಮೇಲೆ ಸ್ವರ ಬರೆದುಕೊಂಡು ಕಾರ್ಡ್ ಬದಲಾಗುವ ಜಾಗಗಳಿಗೆ ಗೆರೆ ಎಳೆದು ಕಲಿಯಿರಿ. ಅಂದಾಜಿನಲ್ಲಿ ಹಾಡಿದರೆ ಪ್ರತಿ ಸಲ ಬೇರೆ ಕಡೆ ತಪ್ಪುತ್ತದೆ. ಶ್ರುತಿ ಆಯ್ಕೆಮಾಡುವಾಗಲೂ ನಿಮ್ಮ ಕಂಠ ನೋಡಬೇಡಿ, ಅವರ ಸಾಲಿನ ಅತಿ ಎತ್ತರದ ಸ್ವರ ಗಟ್ಟಿಯಾಗಿ ಹಾಡದೆ ಸಿಗುತ್ತದೆಯೇ ನೋಡಿ. ಕೇಪೋ (ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್ಪು) ಹಾಕಿ ಏರಿಸಿದರೆ ಬೆರಳಿನ ಹಿಡಿತಗಳು ಹಾಗೇ ಉಳಿಯುತ್ತವೆ.

ಗಮಕದ ಬಗ್ಗೆ. ನಿಂತ ಸ್ವರದಲ್ಲಿ ಬೇಡವೇ ಬೇಡ. ಒಬ್ಬರೇ ಹಾಡಿದರೆ ಕಂಪಿತ ಚಂದ. ಇಬ್ಬರು ಮೂರು ಸ್ವರದ ಅಂತರದಲ್ಲಿ ಹಾಡುವಾಗ ಒಬ್ಬರ ಕಂಪನ ಇನ್ನೊಬ್ಬರ ಸ್ವರವನ್ನು ಅಲ್ಲಾಡಿಸಿ ಅಂತರವೇ ಮಸುಕಾಗುತ್ತದೆ. ಸ್ವರವನ್ನು ಸರಳೆ ವರಿಸೆಯ ಮೊದಲ ಕಾಲದ ಹಾಗೆ ನೇರ ಇಡಿ, ಸಾಲಿನ ಕೊನೆಯ ಅಕ್ಷರ ಆರುವಾಗ ಬೇಕಿದ್ದರೆ ಸಣ್ಣ ನಡುಕ. ಪಾರ್ಸನ್ಸ್ ಕಂಠ ಅಷ್ಟೇನೂ ಗಟ್ಟಿಯಲ್ಲ, ಅಲ್ಲಲ್ಲಿ ಬಿರುಕು ಬಿಡುತ್ತದೆ. ಎಮಿಲೂ ಅದನ್ನು ಮುಚ್ಚಲು ಹೋಗುವುದಿಲ್ಲ, ತಮ್ಮ ದನಿಯನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸುತ್ತಾರೆ. ಅದು ಆತ ಬೇಗ ಸತ್ತದ್ದರಿಂದ ನಮಗೆ ಕೇಳಿಸುವ ದುಃಖ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ, ಹಾಡುವ ದಿನ ಇಬ್ಬರಿಗೂ ಅದು ಗೊತ್ತಿರಲಿಲ್ಲ. ನೀವಿಬ್ಬರೂ ಬಡಿತಕ್ಕಿಂತ ಕೂದಲೆಳೆಯಷ್ಟು ತಡವಾಗಿ ಪದ ಎತ್ತಿಕೊಳ್ಳಿ, ಗಿಟಾರ್ ಮಾತ್ರ ತಡವಾಗಬಾರದು. ಅಮೆರಿಕದ ದಕ್ಷಿಣದ ರಾಗ ಎಳೆದ ಉಚ್ಚಾರವನ್ನು ಅನುಕರಿಸುವ ಗೋಜಿಗೂ ಹೋಗಬೇಡಿ.

ನಡುವಿನ ಭಾಗ, ಪ್ರೀತಿಯನ್ನು ಸುಖವೆಂದು ನಂಬಿದ ಮೂರ್ಖರ ಮಾತು ಬರುವ ಕಡೆ, ಇ ಮೈನರಿಗೆ ತಿರುಗುತ್ತದೆ. ಸಾಮಾನ್ಯವಾಗಿ ನುಡಿಸುವ ಕ್ರಮದಲ್ಲಿ ಅಲ್ಲಿ ಬಿ-7, ಆಮೇಲೆ ಎ-7 ಬರುತ್ತವೆ. ಬಿ-7 ಒಳಗೆ ಶುದ್ಧ ಧೈವತ, ಎ-7 ಒಳಗೆ ಪ್ರತಿ ಮಧ್ಯಮ. ನೀವು ‘ಬಹುಪಾಲು’ ಶಂಕರಾಭರಣ ಎಂದದ್ದು ಸರಿ, ಹೊರಗಿನ ಎರಡು ಸ್ವರಗಳು ಇವೇ. ಅಲ್ಲಿ ಎಲ್ಲರೂ ದನಿ ಎತ್ತುತ್ತಾರೆ. ಸ್ವರಗಳೇ ಹೊಸದಾಗಿರುವಾಗ ದನಿ ಎತ್ತುವ ಅಗತ್ಯವಿಲ್ಲ, ಬದಲಾಗಿ ಗಿಟಾರನ್ನು ತೆಳುವಾಗಿಸಿ. ಪರೀಕ್ಷೆ ಬೇಕಿದ್ದರೆ ಫೋನಿನಲ್ಲಿ ಧ್ವನಿಮುದ್ರಿಸಿ ಅಲೆಯ ಚಿತ್ರ ನೋಡಿ: ನಡುಭಾಗದ ಅಲೆ ಪಲ್ಲವಿಯ ಅಲೆಗಿಂತ ಎರಡು ಪಟ್ಟು ಎತ್ತರ ಕಂಡರೆ ನೀವು ನಜರೆತ್ ಹಾಡುತ್ತಿದ್ದೀರಿ. ಒಂದೇ ಮೈಕಿನ ಮುಂದೆ ಒಂದೂವರೆ ಗೇಣು ದೂರದಲ್ಲಿ ಇಬ್ಬರೂ ನಿಂತು ಹಾಡುವುದು ಒಳ್ಳೆಯ ಶಿಸ್ತು, ಒಬ್ಬರು ಜೋರಾದರೆ ತಕ್ಷಣ ಸಿಕ್ಕಿಬೀಳುತ್ತಾರೆ.

ಸ್ಟೀಲಿನ ಬದಲಿಗೆ ಏನಾದರೂ ಬೇಕೇ ಬೇಕು ಎಂದರೆ: ಜಿ ಕಾರ್ಡಿನ ಮೇಲೆ 1ನೇ ತಂತಿಯ 10ನೇ ಫ್ರೆಟ್ಟನ್ನು ತೋರುಬೆರಳಿನಲ್ಲಿ ಒತ್ತಿಹಿಡಿದು, 2ನೇ ತಂತಿಯನ್ನು 10ರಿಂದ 12ಕ್ಕೆ ಉಂಗುರಬೆರಳಿನಲ್ಲಿ ಜಾರಿಸಿ. ಪ ನಿಂತಿರುತ್ತದೆ, ಅದರ ಕೆಳಗೆ ರಿ ಗಾಂಧಾರಕ್ಕೆ ಹೋಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ತೆಳು ತಂತಿಯಾದರೆ ಜಾರಿಸುವ ಬದಲು 10ರಲ್ಲೇ ಎಳೆದು ಏರಿಸಬಹುದು. ಆಗ 1ನೇ ತಂತಿಯನ್ನು ಕಿರುಬೆರಳಿಗೆ ಕೊಡಿ; ನಡುಬೆರಳು ಮತ್ತು ಉಂಗುರಬೆರಳು ಸೇರಿ ತಳ್ಳಲಿ, ಕಿರುಬೆರಳು ಅಲುಗದಿರಲಿ. ಕ್ಲಾರೆನ್ಸ್ ವೈಟ್ ಮತ್ತು ಜೀನ್ ಪಾರ್ಸನ್ಸ್ ಎಂಬಿಬ್ಬರು ಇದನ್ನೇ ಯಂತ್ರ ಮಾಡಿದರು. ಗಿಟಾರಿನ ಕತ್ತನ್ನು ಕೆಳಕ್ಕೆ ಒತ್ತಿದರೆ ಹೆಗಲಪಟ್ಟಿಗೆ ಕಟ್ಟಿದ ಸನ್ನೆ 2ನೇ ತಂತಿಯನ್ನು ಪೂರ್ತಿ ಒಂದು ಸ್ವರ ಏರಿಸುತ್ತದೆ. (ಈ ಜೀನ್, ಗ್ರಾಮ್ ಇಬ್ಬರೂ ಸಂಬಂಧಿಕರಲ್ಲ.) ಮಾತಿನ ನಡುವೆ ಇದನ್ನು ತುರುಕಬೇಡಿ, ಸಾಲು ಮುಗಿದ ಮೇಲಿನ ಖಾಲಿಯಲ್ಲಿ ಮಾತ್ರ. ಕೀಬೋರ್ಡಿನ ‘ಸ್ಟೀಲ್ ಗಿಟಾರ್’ ಧ್ವನಿ ಬಳಸುವ ಯೋಚನೆಯಿದ್ದರೆ ಎಚ್ಚರ. ಅದರ ಪಿಚ್ ಚಕ್ರ ತಿರುಗಿಸಿದರೆ ಮೂರೂ ಸ್ವರಗಳು ಒಟ್ಟಿಗೆ ಜಾರುತ್ತವೆ, ಇಷ್ಟು ಹೊತ್ತು ಹೇಳಿದ್ದೆಲ್ಲ ನೀರುಪಾಲು. ನಿಲ್ಲುವ ಸ್ವರಗಳನ್ನು ಒಂದು ಟ್ರ್ಯಾಕಿಗೂ ಜಾರುವುದನ್ನು ಇನ್ನೊಂದಕ್ಕೂ ಹಾಕಿ ಎರಡನೆಯದನ್ನಷ್ಟೇ ಎಳೆಯಿರಿ.

ಕನ್ನಡದಲ್ಲಿ ಬರೆಯುವುದು. ನಮ್ಮ ಪದಗಳು ಅ, ಇ, ಉ, ಎ ಥರದ ಸ್ವರಾಕ್ಷರದಲ್ಲಿ ಮುಗಿಯುತ್ತವೆ, ಆದ್ದರಿಂದ ಸಾಲಿನ ಕೊನೆ ತಾನಾಗಿ ಆರಿಹೋಗುತ್ತದೆ, ಇಂಗ್ಲಿಷಿಗಿಲ್ಲದ ಅನುಕೂಲ. ಅನಾನುಕೂಲ ಕ್ರಿಯಾಪದದ ಬಾಲ. ‘ಕಾಯುತ್ತಿದ್ದೇನೆ’, ‘ನೋಯುತ್ತಿದ್ದೇನೆ’ ಎಂದು ಸಾಲು ಸಾಲು ಮುಗಿಸಿದರೆ ಎರಡು ಬಡಿತ ಬರೀ ಪ್ರತ್ಯಯಕ್ಕೇ ಹೋಗುತ್ತದೆ, ಕೇಳಲು ವರದಿಯಂತಿರುತ್ತದೆ. ಆದಷ್ಟೂ ನಾಮಪದದಲ್ಲಿ ಸಾಲು ನಿಲ್ಲಿಸಿ. ಅಂತ್ಯಪ್ರಾಸಕ್ಕೆ ಜೋತುಬೀಳುವ ಬದಲು ನಮ್ಮದೇ ಆದ ಎರಡನೇ ಅಕ್ಷರದ ಪ್ರಾಸವನ್ನು ಒಮ್ಮೊಮ್ಮೆ ಬಳಸಿ, ಅದು ಕಿವಿಗೆ ಸಿಕ್ಕರೂ ಎದ್ದು ಕಾಣುವುದಿಲ್ಲ. ಕಂಬನಿ, ವಿರಹ, ಒಡೆದ ಹೃದಯಗಳನ್ನು ಬಿಟ್ಟು ಒಲೆಯಂಥದ್ದು ಹುಡುಕಿ. ಉದಾಹರಣೆಗೆ,

ಮೊಳೆಯಲ್ಲಿನ್ನೂ ನಿನ್ನ ಕೊಡೆ
ಮಳೆ ಶುರುವಾಯ್ತು ಆ ಕಡೆ

ಇಷ್ಟನ್ನು ಜಿ, ಇ ಮೈನರ್, ಸಿ, ಡಿ ಮೇಲೆ ಹಾಡಿ ನೋಡಿ. ‘ಕೊಡೆ’ ಎಂಬಲ್ಲಿ ಗಿಟಾರಿನ ಪಂಚಮ ಧೈವತಕ್ಕೆ ಸರಿಯಬೇಕು, ನಿಮ್ಮ ದನಿ ಇದ್ದಲ್ಲೇ ಇರಬೇಕು. ಡಿ ಕಾರ್ಡಿಗೆ ಬಂದಾಗ ಮುಂದಿನ ಸಾಲು ಎತ್ತಿಕೊಳ್ಳುವ ಮೊದಲು ನಾಲ್ಕು ಬಡಿತ ಪೂರ್ತಿ ಖಾಲಿ ಬಿಡಿ.